ಕೂದಲೆಳೆಯಷ್ಟು ಗಾಯ

ಲೋಟಕ್ಕೆ ನೀರು ತುಂಬಿಕೊಂಡು ನಲ್ಲಿಯಿಂದ ಕಿಟಕಿಯವರೆಗೆ ಏಳು ಹೆಜ್ಜೆ ನಡೆಯುವುದು ಅವನ ಬೆಳಗಿನ ಪರೀಕ್ಷೆ. ಪರೀಕ್ಷೆ ಬರೆಯುವವನೂ ಅವನೇ, ನಂಬರು ಹಾಕುವವನೂ ಅವನೇ ಆದ್ದರಿಂದ ಮೋಸಕ್ಕೆ ಬೇಕಾದಷ್ಟು ಜಾಗವಿತ್ತು. ಮೊದಲು ಅಂಚಿನವರೆಗೆ ತುಂಬುತ್ತಿದ್ದವನು ಈಗೀಗ ಎರಡು ಬೆರಳು ಕಡಿಮೆ ತುಂಬುತ್ತಿದ್ದ. ಆ ದಿನ ಅಷ್ಟು ಕಡಿಮೆ ಇದ್ದೂ ಮೂರನೇ ಹೆಜ್ಜೆಗೆ ನೀರು ತುಳುಕಿ ಕಾಲಿನ ಮೇಲೆ ಬಿತ್ತು. ಥೂ, ನಿದ್ದೆ ಸರಿಯಾಗಿಲ್ಲ ಅಷ್ಟೇ, ಅಂದುಕೊಂಡ. ಅವನ ಬಲಗೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರುವಾಗ ಕಲ್ಲಿನ ಹಾಗಿರುತ್ತದೆ. ಕೈ ಚಾಚಿದಾಗ, ಏನಾದರೂ ಹಿಡಿದು ಕೆಲಸಕ್ಕೆ ಹೊರಟಾಗಲೇ ಅದಕ್ಕೆ ಎಲ್ಲಿಲ್ಲದ ನಡುಕ ಬರುತ್ತದೆ, ಕೆಲಸಗಳ್ಳನ ಹಾಗೆ. ಇದನ್ನು ಮೊದಲು ಕಂಡುಹಿಡಿದವಳು ಹೆಂಡತಿ. ಅವಳಿಗೆ ಟೀ ಕೊಡಲು ಹೋದಾಗ ಕಪ್ಪು ಸಾಸರಿನ ಮೇಲೆ ಕಟಕಟ ಅಂದದ್ದಕ್ಕೆ, “ಏನ್ರೀ ಇದು, ತಾಳ ಹಾಕ್ತಿದೀರಾ?” ಅಂತ ನಕ್ಕಿದ್ದಳು. ಎರಡನೇ ಸಲ ನಗಲಿಲ್ಲ. ಆಮೇಲೆ ಅವಳು ಮಗಳ ಬಾಣಂತನಕ್ಕೆಂದು ಮೂರು ತಿಂಗಳಿಗೆ ಹೋದಳು. ಈಗ ಆ ಮಗುವಿಗೆ ನಾಲ್ಕು ವರ್ಷ. ಜಗಳವಿಲ್ಲ, ಮುನಿಸಿಲ್ಲ, ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಒಂದು ನೆಟ್ಟಗಿನ ಕಾರಣವೂ ಇಲ್ಲ. ಬರದೇ ಇರುವುದು ಅವಳಿಗೆ ಅಭ್ಯಾಸವಾಗಿಹೋಯಿತು, ಬಾ ಅನ್ನದೇ ಇರುವುದು ಇವನಿಗೆ. ಭಾನುವಾರ ಫೋನು ಬರುತ್ತದೆ. ಊಟ ಆಯ್ತಾ ಅನ್ನುತ್ತಾಳೆ, ಆಯ್ತು ಅನ್ನುತ್ತಾನೆ. ಕೈ ಹೇಗಿದೆ ಅನ್ನುತ್ತಾಳೆ. ಕೈಗೇನಾಗಿದೆ, ಚೆನ್ನಾಗಿದೆ, ಅನ್ನುತ್ತಾನೆ.

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಹೆಡ್ಮಾಸ್ಟರು ಅಂತ ಕರೆಯುತ್ತಾರೆ. ದಿನವಿಡೀ ತಲೆಗಳ ಜೊತೆ ಏಗುವವನಿಗೆ ಇದಕ್ಕಿಂತ ದೊಡ್ಡ ಹುದ್ದೆ ಯಾವುದಿದೆ ಅಂತ ಲಿಫ್ಟಿನವನು ಇಟ್ಟ ಹೆಸರು. ನೆಲಮಾಳಿಗೆಗೆ ಆ ಯಂತ್ರ ಬಂದ ಹೊಸದರಲ್ಲಿ ನರ್ಸುಗಳೇ ರೋಗಿಗಳ ಕೂದಲು ತೆಗೆಯುತ್ತಿದ್ದರಂತೆ, ಅದು ಸಾಲಲಿಲ್ಲ. ಬುರುಡೆ ತೆರೆಯದೆ, ಕತ್ತಿ ಹಾಕದೆ, ಕಿವಿಗೆ ಕೇಳದಂಥ ಶಬ್ದದಿಂದ ಮಿದುಳಿನ ಗೆಡ್ಡೆಗೆ ಚಿಕಿತ್ಸೆ ಮಾಡುವ ಯಂತ್ರ ಅದು. ಬುಟ್ಟಿ ಕವುಚಿದಂತೆ ತಲೆಗೆ ಕೂರುವ ಹೆಲ್ಮೆಟ್ಟು, ಅದರ ಒಳಮೈ ತುಂಬ ಸಾವಿರ ಸಣ್ಣ ಬಿಲ್ಲೆಗಳು, ಒಂದೊಂದು ಬಿಲ್ಲೆಯಿಂದ ಹೊರಟ ಶಬ್ದವೂ ತಲೆಯೊಳಗಿನ ಒಂದೇ ಚುಕ್ಕೆಗೆ ಹೋಗಿ ಸೇರಬೇಕು. ಹೆಲ್ಮೆಟ್ಟಿಗೂ ತಲೆಗೂ ನಡುವೆ ತಣ್ಣೀರು ಹರಿಯುತ್ತಿರುತ್ತದೆ. ಎಲ್ಲೋ ಒಂದು ಕೂದಲಿನ ಮೊಳಕೆ ಉಳಿದರೂ ಅದರ ಬುಡದಲ್ಲಿ ಗಾಳಿಯ ಗುಳ್ಳೆ ಕೂರುತ್ತದೆ, ಗುಳ್ಳೆ ಕೂತಲ್ಲಿ ಶಬ್ದಕ್ಕೆ ತಡೆಯಾಗಿ ಬಿಸಿ ಹುಟ್ಟುತ್ತದೆ, ಚರ್ಮ ಸುಡುತ್ತದೆ. “ಒಂದೇ ಒಂದು ಕೂದಲು ಸಾಕು,” ಅಂದಿದ್ದರು ಡಾಕ್ಟರಮ್ಮ, ಅವನನ್ನು ಕೆಲಸಕ್ಕೆ ತೆಗೆದುಕೊಂಡ ದಿನ. “ಹಾಗಂತ ಒಂದು ಗೀರೂ ಆಗಬಾರ್ದು. ಹಸಿ ಗಾಯಕ್ಕೆ ಆ ನೀರು ತಾಗೋ ಹಾಗಿಲ್ಲ. ಗಾಯ ಆದ್ರೆ ಅವತ್ತಿನ ಚಿಕಿತ್ಸೆ ಇಲ್ಲ, ಅಷ್ಟೇ.” ಮೂವತ್ತು ವರ್ಷ ಸ್ವಂತ ಕ್ಷೌರದ ಅಂಗಡಿಯಲ್ಲಿ ಸಾವಿರಾರು ತಲೆ ನೋಡಿದ್ದವನು ಆ ಮಾತಿಗೆ ಒಳಗೊಳಗೇ ನಕ್ಕಿದ್ದ. ಆಗ ಕೈ ನೆಟ್ಟಗಿತ್ತು. ಈಗ ದಿನಕ್ಕೆ ಎರಡು ತಲೆ, ಕೆಲವು ದಿನ ಒಂದೇ. ಇಡೀ ದಿನದಲ್ಲಿ ಅವನು ಮುಟ್ಟುವ ಮನುಷ್ಯರೆಂದರೆ ಅವರಿಬ್ಬರೇ. ಇದು ಅವನಿಗೆ ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹೊಳೆದು, ಪಕ್ಕದಲ್ಲಿ ನಿಂತವರ ಎದುರು ಯಾಕೋ ನಾಚಿಕೆಯಾಗಿತ್ತು.

ತಮಾಷೆಯೆಂದರೆ ಅದೇ ಯಂತ್ರ ಕೈನಡುಕವನ್ನೂ ವಾಸಿಮಾಡುತ್ತದೆ. ಮಂಗಳವಾರ ನಡುಗುವ ಕೈಯವರ ಪಾಳಿ. ಗುಂಡಿ ಹಾಕಿಕೊಳ್ಳಲಾಗದವರು, ಸಹಿ ಮಾಡಲಾಗದೆ ಬ್ಯಾಂಕಿನಲ್ಲಿ ಬೈಸಿಕೊಂಡವರು ಬರುತ್ತಾರೆ. ಅವರ ಕೈಗೆ ಪೆನ್ನು ಕೊಟ್ಟು ಕಾಗದದ ಮೇಲೆ ಬಸವನಹುಳುವಿನ ಚಿಪ್ಪಿನಂತೆ ಸುತ್ತು ಬರೆಸುತ್ತಾರೆ, ಚಿಕಿತ್ಸೆಗೆ ಮೊದಲು ಒಂದು, ಆಮೇಲೆ ಒಂದು. ಅವರ ತಲೆಗಳನ್ನೂ ಇವನೇ ಬೋಳಿಸುತ್ತಾನೆ. ನಡುಗುವವರ ತಲೆಯನ್ನು ನಡುಗುವವನು! ಒಂದು ಮಂಗಳವಾರ ಅಂಥದೊಂದು ಖಾಲಿ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದು, ಬಾಗಿಲು ಹಾಕಿಕೊಂಡು, ಕೂತು ಸುತ್ತು ಬರೆದು ನೋಡಿದ್ದ. ಹಲ್ಲು ಮುರಿದ ಬಾಚಣಿಗೆಯನ್ನು ಬಗ್ಗಿಸಿದ ಹಾಗೆ ಬಂತು. ಹರಿದು ಎಸೆದ. ಡಾಕ್ಟರಮ್ಮನ ಹತ್ತಿರ ಹೋಗಿ ನನಗೂ ಮಾಡಿ ಅನ್ನಬಹುದು. ಆದರೆ ಅಂದ ಗಳಿಗೆಯಲ್ಲೇ ಕತ್ತಿ ಕೈಬಿಡಬೇಕು. ವಾಸಿಯಾಗುವುದೋ ಇಲ್ಲವೋ, ಅಷ್ಟರಲ್ಲಿ ಬೇರೊಬ್ಬನನ್ನು ಕೂರಿಸಿರುತ್ತಾರೆ. ಅವನಿಗೆ ಹೊಟ್ಟೆಬಟ್ಟೆಯ ಚಿಂತೆಯಿರಲಿಲ್ಲ. ಬೆಳಿಗ್ಗೆ ಎದ್ದರೆ ಹೋಗಲಿಕ್ಕೊಂದು ಜಾಗವಿಲ್ಲದಿದ್ದರೆ ಆ ಮನೆಯಲ್ಲಿ ಏನು ಮಾಡುವುದು, ಗೋಡೆ ನೋಡುತ್ತ ಕೂರುವುದೇ? ಅದಕ್ಕೇ ಉಪಾಯ ಕಂಡುಕೊಂಡಿದ್ದ: ಕಿರುಬೆರಳನ್ನು ರೋಗಿಯ ತಲೆಯ ಮೇಲೆ ಊರಿ, ಮಣಿಕಟ್ಟನ್ನು ಅವರ ಕಿವಿಯ ಹಿಂದೆ ಒರಗಿಸಿದರೆ ನಡುಕ ಅರ್ಧ ಇಂಗುತ್ತದೆ. ಅವರ ತಲೆಯ ಆಸರೆಯಲ್ಲೇ ಅವರ ತಲೆಯ ಕೆಲಸ ಸಾಗುತ್ತಿತ್ತು.

ಆ ದಿನದ ತಲೆ ಕಂಡಕ್ಟರಮ್ಮನದು. ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಟಿಕೆಟ್ ಕೊಟ್ಟ ಹೆಂಗಸು. ಗಟ್ಟಿ ಗಂಟಲು, ಬಾಯಿ ತೆರೆದರೆ ಮೂರು ಕೋಣೆಗೆ ಕೇಳಬೇಕು. ತಿಂಗಳಿಗೊಮ್ಮೆಯಂತೆ ಇದು ಅವಳ ಮೂರನೇ ಸರದಿ. ಅವಳ ಗೆಡ್ಡೆ ಎಡಗಡೆ, ಮಾತು ಹುಟ್ಟುವ ಜಾಗದಲ್ಲಿ ಬೇರೂರಿತ್ತು. ಮಿದುಳಿನ ರಕ್ತನಾಳಗಳ ಗೋಡೆ ಔಷಧಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ, ಈ ಶಬ್ದ ಹೋಗಿ ಅದರ ಬಾಗಿಲನ್ನು ಕೆಲವು ಗಂಟೆ ತೆರೆದಿಡುತ್ತದಂತೆ, ಅಷ್ಟರಲ್ಲಿ ಔಷಧಿ ಗೆಡ್ಡೆಗೆ ಇಳಿಯಬೇಕಂತೆ. “ಇಷ್ಟು ವರ್ಷ ನಾನು ಶಿಳ್ಳೆ ಹೊಡೆದು ಬಸ್ಸಿನ ಬಾಗಿಲು ಹಾಕಿಸ್ದೆ ಅಣ್ಣಾ,” ಅಂದಿದ್ದಳು ಮೊದಲ ಸಲ ಬಂದಾಗ, “ಈಗ ಇವ್ರು ಶಿಳ್ಳೆ ಹೊಡೆದು ನನ್ನ ತಲೆ ಬಾಗಿಲು ತೆಗೀತಾರಂತೆ. ಫುಟ್‌ಬೋರ್ಡಲ್ಲಿ ನೇತಾಡ್ತಿರೋ ಔಷಧಿಗೆ, ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಖಾಲಿ ಇದೆ, ಅನ್ಬೇಕಷ್ಟೆ.” ಇವನು ಎಷ್ಟು ನಕ್ಕನೆಂದರೆ ಕತ್ತಿ ಕೆಳಗಿಡಬೇಕಾಯಿತು. ಮನೆಗೆ ಹೋಗಿ ಆ ಮಾತನ್ನು ಯಾರಿಗಾದರೂ ಹೇಳಬೇಕೆನ್ನಿಸಿ, ಭಾನುವಾರದವರೆಗೆ ಕಾದು ಹೆಂಡತಿಗೆ ಹೇಳಿದ. ಅವಳು, “ಪಾಪ,” ಅಂದಳು. ನಗು ಬರುವಂತೆ ಹೇಳಲು ತನಗೆ ಬರಲಿಲ್ಲವೇನೋ ಅಂತ ಅವನು ಆ ರಾತ್ರಿಯೆಲ್ಲ ಕೊರಗಿದ.

“ಬನ್ನಿ ಬನ್ನಿ ಹೆಡ್ಮಾಸ್ಟ್ರೇ, ತಲೆ ತಂದಿದೀನಿ,” ಅಂದಳು ಕುರ್ಚಿಯಲ್ಲಿ ಕೂತವಳು. ಗಂಟಲು ಅದೇ, ಆದರೆ ಪ್ರತಿ ಮಾತಿನ ಮೊದಲು ಒಂದು ಕ್ಷಣ ತಡೆ, ಚಿಲ್ಲರೆಗಾಗಿ ಚೀಲದಲ್ಲಿ ಕೈಯಾಡಿಸುವವರ ಹಾಗೆ. ಜೊತೆಗೆ ಬಂದಿದ್ದ ತಂಗಿ ಚೀಟಿಗಳನ್ನು ಹಿಡಿದುಕೊಂಡು ಕೌಂಟರಿಗೆ ಹೋದಳು. ಅವನು ನೊರೆ ಕಲಸಿದ. ಒಂದು ತಿಂಗಳ ಕೂದಲು, ಬೆರಳಿಗೆ ಮಕಮಲ್ಲಿನಂತೆ ತಾಗುತ್ತಿತ್ತು.

“ಇವತ್ತೂ ಹೇಳ್ತೀರಾ?” ಅಂತ ಕೇಳಿದ.

ಅವಳದೊಂದು ಆಟ ಅದು. ಆಟವಲ್ಲ, ಪರೀಕ್ಷೆ. ಅವನು ಬೋಳಿಸುತ್ತಿರುವಷ್ಟು ಹೊತ್ತು ಅವಳು ತನ್ನ ರೂಟಿನ ಸ್ಟಾಪುಗಳನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತ ಹೋಗುವುದು. ಮೊದಲ ತಿಂಗಳು ಮೂವತ್ತೆಂಟಕ್ಕೆ ಮೂವತ್ತೆಂಟೂ ಬಂದಿದ್ದವು, ಎಲ್ಲೆಲ್ಲಿ ಯಾರು ಚಿಲ್ಲರೆಗೆ ಜಗಳ ತೆಗೆಯುತ್ತಾರೆ ಅನ್ನುವುದರ ಸಮೇತ. ಹೋದ ತಿಂಗಳು ಐದು ತಪ್ಪಿತು. ಅವಳೇ ಬೆರಳು ಮಡಚಿ ಲೆಕ್ಕ ಹಿಡಿದು, “ಔಷಧಿ ಕೆಲ್ಸ ಮಾಡ್ದೆ ಇದ್ದಿದ್ರೆ ಹತ್ತು ಹೋಗಿರೋದು ಅಂದ್ರು ಡಾಕ್ಟ್ರು,” ಅಂದಿದ್ದಳು. ಈಗ ಕಣ್ಣು ಮುಚ್ಚಿದಳು. “ಡಿಪೋ. ಎರಡನೇ ಗೇಟು. ಹಿಟ್ಟಿನ ಗಿರಣಿ. ಹಳೇ ಟಾಕೀಸು. ಟಾಕೀಸು ಆದ್ಮೇಲೆ...” ಅವನ ಕತ್ತಿ ಹಣೆಯಿಂದ ನೆತ್ತಿಗೆ ಏರಿತು. ನೆತ್ತಿಯಿಂದ ಬಲಗಿವಿಗೆ ಇಳಿಯಿತು. ಅವಳಿನ್ನೂ ಟಾಕೀಸಿನಲ್ಲೇ ನಿಂತಿದ್ದಳು. ಅವನು ಆ ಬಸ್ಸು ಹತ್ತಿದವನಲ್ಲ, ಮುಂದಿನ ಸ್ಟಾಪು ಯಾವುದೋ ಅವನಿಗೂ ಗೊತ್ತಿರಲಿಲ್ಲ. ಹೋದ ಸಲ ಕೇಳಿದ್ದು ನೆನಪಿಟ್ಟುಕೊಳ್ಳಬೇಕಿತ್ತು, ಯಾಕೆ ಇಟ್ಟುಕೊಳ್ಳಲಿಲ್ಲ, ತಾನು ಅವಳ ಮಾತು ಕೇಳುತ್ತಿದ್ದೆನೋ ಬರೀ ದನಿ ಕೇಳುತ್ತಿದ್ದೆನೋ, ಅಂತೆಲ್ಲ ಯೋಚನೆ ಹತ್ತಿತು. ಹಿಂದಲೆಗೆ ಬಂದಿದ್ದ. ಕತ್ತಿನ ಮೇಲೆ ಒಂದು ಮೂಳೆ ಉಬ್ಬಿರುತ್ತದೆ. ಅಲ್ಲಿ ಚರ್ಮವನ್ನು ಎಳೆದು ಹಿಡಿಯಬೇಕಾದರೆ ಊರಿದ ಕಿರುಬೆರಳನ್ನು ಎತ್ತಲೇಬೇಕು, ಎತ್ತಿದರೆ ಕೈಗೆ ಆಸರೆ ತಪ್ಪುತ್ತದೆ. ಉಳಿದ ದಿನಗಳಲ್ಲಿ ಅಲ್ಲಿಗೆ ಬಂದಾಗ ಉಸಿರು ಬಿಗಿ ಹಿಡಿಯುತ್ತಿದ್ದ. ಇವತ್ತು ಟಾಕೀಸಿನ ಮುಂದಿನ ಸ್ಟಾಪು ಹುಡುಕುತ್ತ ಮರೆತ.

ಕತ್ತಿ ಒಂದು ಅಕ್ಕಿಕಾಳಿನಷ್ಟು ಅಡ್ಡ ಸರಿಯಿತು. ನೊರೆಯ ಬಿಳಿಯಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕೂದಲೆಳೆಯಷ್ಟು ತೆಳ್ಳಗೆ ಕೆಂಪು ಗೆರೆ ಮೂಡಿತು, ಕೆಳತುದಿಯಲ್ಲಿ ಒಂದು ಸಣ್ಣ ಹನಿ ಕೂತಿತು. ತನ್ನ ಕೈ ಏನು ಮಾಡುತ್ತಿದೆಯೆಂದು ಅವನಿಗೆ ತಿಳಿಯುವುದರೊಳಗೆ ಅದು ಪೆಟ್ಟಿಗೆಯಿಂದ ಪಟಿಕದ ಕಲ್ಲು ತೆಗೆದು, ಒದ್ದೆ ಮಾಡಿ, ಗಾಯಕ್ಕೆ ಒತ್ತಿ ಹಿಡಿದಿತ್ತು. ಕದಿಯುವಾಗ ಮಾತ್ರ ಈ ಕೈ ನಡುಗುವುದಿಲ್ಲ ನೋಡು, ಅಂದುಕೊಂಡ. ಪಟಿಕ ಚುರುಕ್ಕೆನ್ನಿಸುತ್ತದೆ, ಅವಳ ಭುಜ ಒಂದಿಷ್ಟು ಮೇಲೆದ್ದು ಇಳಿಯಿತು. ಗೋಡೆಯ ಕನ್ನಡಿಯಲ್ಲಿ ಅವಳು ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು. ಅವನು ಕಣ್ಣು ತಪ್ಪಿಸಿ, ಬಟ್ಟೆ ಹಿಂಡಿ, ತಲೆಯನ್ನೆಲ್ಲ ಒರೆಸಿದ. ಪಟಿಕ ಕೂತಲ್ಲಿ ಚರ್ಮ ಬೆಳ್ಳಗಾಗಿ, ಗೆರೆ ಮುಚ್ಚಿಹೋಗಿತ್ತು. ಹುಡುಕಿದವರಿಗೂ ಸಿಗುವಂತಿರಲಿಲ್ಲ.

ಸಿಸ್ಟರು ಹಾಳೆ ಹಿಡಿದು ಬಂದರು. “ಕೂದಲು?”

“ಇಲ್ಲ.”

“ಗಾಯ, ಗೀರು?”

“ಇಲ್ಲ ಸಿಸ್ಟರ್.” ಎಷ್ಟು ಸಲೀಸಾಗಿ ಬಂತು ಆ ಮಾತು! ನಾಲ್ಕು ವರ್ಷದಿಂದ ಭಾನುವಾರ ಭಾನುವಾರ ಸಾಣೆ ಹಿಡಿದ ಮಾತು.

ಸಿಸ್ಟರು ಗ್ಲೌಸಿನ ಬೆರಳಿನಿಂದ ತಲೆಯನ್ನೆಲ್ಲ ಸವರಿ, ಕಂಡಕ್ಟರಮ್ಮನ ಮುಖಕ್ಕೆ ಬಗ್ಗಿ ಕೇಳಿದರು: “ಎಲ್ಲಾದ್ರೂ ಉರೀತಿದ್ಯೇನಮ್ಮಾ? ನಿಜ ಹೇಳಿ.”

ಅವಳು ಕನ್ನಡಿಯಲ್ಲಿ ಅವನನ್ನು ಮತ್ತೊಮ್ಮೆ ನೋಡಿದಳು. “ಎಲ್ಲೂ ಇಲ್ಲ. ಹೆಡ್ಮಾಸ್ಟ್ರ ಕೈ ಅಂದ್ರೆ... ಅಂದ್ರೆ ಬೆಣ್ಣೆ.”

ಸಿಸ್ಟರು ಟಿಕ್ ಹಾಕಿ ಅವಳನ್ನು ಕರೆದುಕೊಂಡು ಹೋದರು.

ಯಂತ್ರದ ಕೋಣೆಯ ಹೊರಗೆ ಓಣಿಯಲ್ಲಿ ಒಂದು ಬೆಂಚಿದೆ. ಕೆಲಸ ಮುಗಿದ ಮೇಲೆ ಅವನು ಅಲ್ಲಿ ಕೂರುವ ಅಗತ್ಯವೇನೂ ಇಲ್ಲ, ಆದರೂ ಕೂರುತ್ತಾನೆ. ತನ್ನ ತಲೆಗಳು ಒಳಗೆ ಹೋಗಿ ಹೊರಬರುವವರೆಗೆ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಈಗ ನೀರು ತಾಗದಷ್ಟು ಕೆಳಗೆ, ಹಣೆಗೆ ಎರಡು, ಹಿಂದೆ ಎರಡು ಸ್ಕ್ರೂ ಬಿಗಿದು ಚೌಕಟ್ಟು ಕೂರಿಸಿರುತ್ತಾರೆ, ರಬ್ಬರಿನ ಹಾಳೆ ಎಳೆದಿರುತ್ತಾರೆ, ಹೆಲ್ಮೆಟ್ಟಿಗೆ ನೀರು ಬಿಟ್ಟಿರುತ್ತಾರೆ. ಅವಳು ಎಚ್ಚರವಾಗೇ ಇರುತ್ತಾಳೆ, ಕೈಯಲ್ಲಿ ಒಂದು ಗುಂಡಿ, ತಡೆಯಲಾಗದಿದ್ದರೆ ಒತ್ತಲಿಕ್ಕೆ. ಅವನಿಗೆ ಮೊದಲು ಬಂದದ್ದು ಭಯವಲ್ಲ, ಸಂತೋಷ. ಹೇಳಿಕೊಳ್ಳಲೂ ನಾಚಿಕೆಗೇಡು, ಆದರೆ ಸಂತೋಷವೇ. ನನಗಾಗಿ ಸುಳ್ಳು ಹೇಳಿದಳು. ನಾನು ಕೊಯ್ದದ್ದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಬೆಣ್ಣೆ ಅಂದಳು. ಕೊನೆಯದಾಗಿ ಯಾರು ತನ್ನ ಪರವಾಗಿ ನಿಂತಿದ್ದರೆಂದು ಹುಡುಕಿ ನೋಡಿದ, ಬೇಗ ಯಾರೂ ಸಿಗಲಿಲ್ಲ. ಆ ಸಂತೋಷ ಐದು ನಿಮಿಷ ಇತ್ತು. ಅದರ ಹಿಂದೆಯೇ ಇನ್ನೊಂದು ಬಂತು: ಅಂಥವಳನ್ನು ಗಾಯದ ತಲೆಯಲ್ಲಿ ಒಳಗೆ ಕಳಿಸಿ ನೀನಿಲ್ಲಿ ಬೆಚ್ಚಗೆ ಕೂತಿದ್ದೀಯ. ಆ ನೀರು ಈಗ ಗಾಯಕ್ಕೆ ಹೋಗುತ್ತಿದೆ. ಅಲ್ಲಿ ಗುಳ್ಳೆ ಕೂತಿದೆ, ಬಿಸಿಯಾಗುತ್ತಿದೆ, ಅವಳು ಹಲ್ಲು ಕಚ್ಚಿ ಗುಂಡಿ ಒತ್ತದೆ ಮಲಗಿದ್ದಾಳೆ, ನಿನಗಾಗಿ.

ಹಿಂದೆ ಅಂಗಡಿಯಲ್ಲಿ ಅಪ್ಪನದು ಒಂದೇ ಕಟ್ಟುನಿಟ್ಟು: ಕೊಯ್ದರೆ ತಕ್ಷಣ ಹೇಳಬೇಕು. ಇವನಿಗೆ ಆಗ ಹದಿನಾರೋ ಹದಿನೇಳೋ. ದಪ್ಪ ಮೀಸೆಯ ಗಿರಾಕಿಯೊಬ್ಬನ ಗದ್ದದಡಿ ಕೊಯ್ದು, ಪಟಿಕ ಒತ್ತಿ, ಸುಮ್ಮನೆ ಪೌಡರು ಹಚ್ಚುತ್ತಿದ್ದ. ಅಪ್ಪ ಪಕ್ಕದ ಕುರ್ಚಿಯಿಂದ ಬಂದು ಎಲ್ಲರೆದುರು ಛಟೀರನೆ ಕೆನ್ನೆಗೆ ಬಾರಿಸಿ, “ಹೇಳು ಅವ್ರಿಗೆ, ಏನ್ ಮಾಡ್ದೆ ಹೇಳು,” ಅಂದ. ಇವನು ಕಣ್ಣಲ್ಲಿ ನೀರು ತುಂಬಿಕೊಂಡು, ಕೊಯ್ದುಬಿಟ್ಟೆ, ಅಂದ. ಮೀಸೆಯವನು ಕನ್ನಡಿಯಲ್ಲಿ ನೋಡಿಕೊಂಡು ಹೋ ಅಂತ ನಕ್ಕ. “ಅಯ್ಯೋ ಬಿಡಪ್ಪಾ, ನನ್ನ ಹೆಂಡ್ತಿ ದಿನಾ ಕೊಯ್ತಾಳೆ.” ಅಂಗಡಿಗೆ ಅಂಗಡಿಯೇ ನಕ್ಕಿತು, ಅಪ್ಪನೂ ನಕ್ಕ. ಕೆನ್ನೆ ಉರಿಯುತ್ತಿದ್ದರೂ ಇವನ ಮೈ ಎಷ್ಟು ಹಗುರಾಯಿತೆಂದರೆ ಆ ದಿನವೆಲ್ಲ ಸಿಳ್ಳೆ ಹಾಕುತ್ತ ಕೂದಲು ಗುಡಿಸಿದ್ದ. ಹೇಳಿದರೆ ನಗುತ್ತಾರೆ, ನಕ್ಕರೆ ಮುಗಿಯಿತು. ಹೆಂಡತಿಗೂ ಒಂದು ದಿನ ಹೇಳಿಬಿಟ್ಟಿದ್ದರೆ? ಕೈ ಚೆನ್ನಾಗಿಲ್ಲ ಕಣೇ, ಮನೆಯೂ ಚೆನ್ನಾಗಿಲ್ಲ, ಬಾ, ಅಂತ. ಅವಳೂ ನಗುತ್ತಿದ್ದಳೋ ಏನೋ. ಓಣಿಯಲ್ಲಿ ಯಾರೋ ತಳ್ಳುಗಾಡಿ ಎಳೆದುಕೊಂಡು ಹೋದರು. ಅವನು ಎದ್ದು ನಿಂತಿದ್ದ.

ಯಂತ್ರದ ಕೋಣೆಗೆ ಹೊಂದಿಕೊಂಡು ಗಾಜಿನ ಗೋಡೆಯ ಇನ್ನೊಂದು ಕೋಣೆ; ಅಲ್ಲಿ ಕೂತು ನಡೆಸುತ್ತಾರೆ. ಅದರ ಬಾಗಿಲು ಅರ್ಧ ತೆರೆದಿತ್ತು. ಅವನಿಗೆ ಅಲ್ಲಿ ಪ್ರವೇಶವಿಲ್ಲ, ಹೊಸ್ತಿಲಲ್ಲಿ ನಿಂತ. ಗಾಜಿನಾಚೆ ಯಂತ್ರದ ಬಾಯಿಂದ ಅವಳ ಎರಡು ಪಾದ ಮಾತ್ರ ಕಾಣುತ್ತಿದ್ದವು, ಮೇಲೆ ಕಂಬಳಿ. ಪಾದಗಳು ಅಲ್ಲಾಡುತ್ತಿರಲಿಲ್ಲ. ಟೆಕ್ನೀಷಿಯನ್ ಪರದೆಗೆ ಕಣ್ಣು ನೆಟ್ಟು ಕೂತಿದ್ದ. ಕೂದಲು ಉದುರಿ ನೆತ್ತಿ ಬಯಲಾದ ನಡುವಯಸ್ಸಿನವನು, ಹತ್ತು ಮಾತಿಗೆ ಒಂದು ಉತ್ತರ ಕೊಡುವವನು. ಡಾಕ್ಟರಮ್ಮ ಅವನ ಹಿಂದೆ ನಿಂತಿದ್ದರು.

“ಮೊದಲ್ನೇ ಚುಕ್ಕೆ ಆಯ್ತು ಮೇಡಂ, ಇನ್ನು ಮೂರು,” ಅಂದ ಟೆಕ್ನೀಷಿಯನ್. “ಹಿಂದ್ಗಡೆ ಒಂಚೂರು ಏನೋ ಕಾಣ್ತಿತ್ತು. ಆ ಭಾಗದ ಬಿಲ್ಲೆಗಳನ್ನ ಆಫ್ ಮಾಡಿದೀನಿ.”

“ಏನದು?”

“ಚರ್ಮ ಮಡಿಸ್ಕೊಂಡಿರ್ಬೇಕು. ಏನಿಲ್ಲ.”

“ಸರಿ, ಮುಂದಿನ್ದು ನೋಡೋಣ,” ಅಂದರು ಡಾಕ್ಟರಮ್ಮ.

ಎಲ್ಲ ಸರಿಹೋಗಿತ್ತು. ಆ ಮಾತು ಕೇಳಿದ ಮೇಲೆ ತಿರುಗಿ ಬೆಂಚಿಗೆ ಹೋಗಿ ಕೂತಿದ್ದರೆ ಆಗುತ್ತಿತ್ತು, ಯಾರೂ ಅವನನ್ನು ನೋಡಿರಲಿಲ್ಲ. ಆದರೆ ಅವನ ಕಿವಿಗೆ ಬಿದ್ದದ್ದು ಒಂದೇ, ಹಿಂದ್ಗಡೆ ಏನೋ ಕಾಣುತ್ತಿದೆ ಅನ್ನುವುದು. ಕಂಡುಬಿಟ್ಟಿತು. ಅವನ ಕೂದಲೆಳೆ ಪರದೆಯ ಮೇಲೆ ಊರಗಲ ಹರಡಿಕೊಂಡು ಎಲ್ಲರಿಗೂ ಕಾಣುತ್ತಿದೆ.

“ಮಡಿಕೆಯಲ್ಲ ಮೇಡಂ,” ಅಂದ. “ಅದು ಗಾಯ. ನಾನೇ ಕೊಯ್ದೆ. ಪಟಿಕ ಹಚ್ಚಿ ಮುಚ್ಚಿಟ್ಟೆ.”

ಯಾರೂ ನಗಲಿಲ್ಲ. ಟೆಕ್ನೀಷಿಯನ್ ಕುರ್ಚಿ ತಿರುಗಿಸಿ ಇವನನ್ನು ನೋಡಿದ. ಆ ನೋಟವನ್ನು ಇವನು ಬಹಳ ದಿನ ಮರೆಯುವುದಿಲ್ಲ, ಕೈಯಲ್ಲಿದ್ದ ಮಗುವನ್ನು ಯಾರೋ ತಳ್ಳಿ ಬೀಳಿಸಿದಾಗ ನೋಡುವ ಹಾಗೆ. ಡಾಕ್ಟರಮ್ಮ ಎರಡು ಸೆಕೆಂಡು ಕಣ್ಣು ಮುಚ್ಚಿದರು.

“ನಿಲ್ಸಿ,” ಅಂದರು.

“ಮೇಡಂ, ಆ ಕಡೆ ಆಫ್ ಮಾಡಿದೀನಿ, ಬಿಸಿ ಅಲ್ಲಿಗೆ...”

“ಗೊತ್ತು. ಗೊತ್ತಾದ್ಮೇಲೆ ನಾನು ಮುಂದುವರಿಸೋ ಹಾಗಿಲ್ಲ. ಹಸಿ ಗಾಯದ ಮೇಲೆ ನೀರು ಹರೀತಿದೆ, ಈ ಔಷಧಿ ಕೊಟ್ರೆ ಗಾಯ ಬೇರೆ ಮಾಗಲ್ಲ. ನಿಲ್ಸಿ. ಅವ್ರನ್ನ ಹೊರಗೆ ತೆಗೀರಿ.” ಆಮೇಲೆ ಇವನ ಕಡೆ ತಿರುಗಿ, ಕೋಪವೇ ಇಲ್ಲದ ದನಿಯಲ್ಲಿ, “ಕೈ ಚಾಚಿ,” ಅಂದರು. ಅವನು ಚಾಚಿದ. ಏನೂ ಹಿಡಿಯದೆ ಬರೀ ಗಾಳಿಯಲ್ಲಿ ಚಾಚಿದ ಕೈ ಎಲ್ಲರೆದುರು ಎಲೆಯ ಹಾಗೆ ನಡುಗಿತು. ಗಾಜಿನಾಚೆ ಸಿಸ್ಟರೂ ನೋಡುತ್ತಿದ್ದರು.

“ಎಷ್ಟು ದಿನದಿಂದ?”

“ನಾಲ್ಕು ವರ್ಷ.”

“ನನ್ನ ಕೈಕೆಳಗೇ ಇದ್ರಲ್ಲ ಹೆಡ್ಮಾಸ್ಟ್ರೇ,” ಅಂದರು ಅವರು. “ಇನ್ಮೇಲೆ ಕತ್ತಿ ಮುಟ್ಬೇಡಿ. ಆಮೇಲೆ ಮಾತಾಡೋಣ.” ಟೆಕ್ನೀಷಿಯನ್ ಒಂದೊಂದೇ ಗುಂಡಿ ಆರಿಸುತ್ತ, ಪರದೆಗೆ ಹೇಳುವವನಂತೆ ಮೆಲ್ಲಗೆ, “ನಲವತ್ತು ನಿಮಿಷ. ಇನ್ನು ನಲವತ್ತು ನಿಮಿಷ ಸುಮ್ನಿದ್ದಿದ್ರೆ ಸಾಕಿತ್ತು,” ಅಂದ.

ಅವಳನ್ನು ಪಕ್ಕದ ಕೋಣೆಯ ಮಂಚದಲ್ಲಿ ಮಲಗಿಸಿದ್ದರು. ಸ್ಕ್ರೂ ಬಿಚ್ಚಿದ ಜಾಗಗಳಲ್ಲಿ ನಾಲ್ಕು ಪಟ್ಟಿ, ತಲೆ ಇನ್ನೂ ಒದ್ದೆ. ಮೂರು ವಾರ ಬಿಟ್ಟು ಬನ್ನಿ, ಅದಕ್ಕಿಂತ ಮೊದಲು ಯಂತ್ರ ಖಾಲಿಯಿಲ್ಲ, ಗಾಯವೂ ಮಾಗಬೇಕು ಅಂತ ಹೇಳಿ ಡಾಕ್ಟರಮ್ಮ ಹೋಗಿದ್ದರು. ತಂಗಿ ಮತ್ತೆ ಚೀಟಿ ಹಿಡಿದು ಕೌಂಟರಿಗೆ ಹೋಗಿದ್ದಳು. ಅವನು ಬಾಗಿಲಲ್ಲಿ ನಿಂತ. ಒಳಗೆ ಬಾ ಅಂತ ಯಾರಾದರೂ ಅನ್ನಲಿ ಅಂತ ಕಾದ. ಆಮೇಲೆ ತಾನೇ ಹೋಗಿ ಮಂಚದ ಹತ್ತಿರದ ಸ್ಟೂಲಿನ ಪಕ್ಕದಲ್ಲಿ ನಿಂತ. ಬರುವಾಗ ದಾರಿಯುದ್ದಕ್ಕೂ ಒಂದು ಮಾತು ಜೋಡಿಸಿಕೊಂಡಿದ್ದ. ನನಗಾಗಿ ಸುಳ್ಳು ಹೇಳಿದಿರಿ, ನಿಮ್ಮ ತಲೆ ಸುಡಬಾರದು ಅಂತ ನಾನು ನಿಜ ಹೇಳಿದೆ, ಅಂತ. ಜೋಡಿಸುವಾಗ ಚೆನ್ನಾಗಿಯೇ ಇತ್ತು.

ಅವಳು ಚಾವಣಿ ನೋಡುತ್ತಿದ್ದಳು. “ನಿನಗೋಸ್ಕರ ಸುಮ್ನಿದ್ದೆ ಅಂದ್ಕೊಂಡ್ಯಾ?” ಅಂದಳು. ಈವರೆಗೆ ನೀವು ಅನ್ನುತ್ತಿದ್ದವಳು.

ಅವನು ಸ್ಟೂಲನ್ನು ಹಿಂದಕ್ಕೆ ಸರಿಸಿದ.

“ನನಗೋಸ್ಕರ ಕಣಯ್ಯಾ. ನನಗೋಸ್ಕರ. ಚುರುಕ್ ಅಂದಾಗ್ಲೇ ಗೊತ್ತಾಯ್ತು. ಬಾಯಿ ಬಿಟ್ರೆ ಕಳಿಸ್ಬಿಡ್ತಾರೆ ಅಂತ... ಸುಟ್ರೆ ಸುಡ್ಲಿ, ಕೀವಾದ್ರೆ ಆಗ್ಲಿ, ಔಷಧಿ ಒಳಗೆ ಹೋಗ್ಲಿ ಅಂತ. ಟಾಕೀಸು ಆದ್ಮೇಲೆ ಯಾವ್ದು ಅಂತ ನಿನ್ನೆ ರಾತ್ರಿಯಿಂದ ಸಿಗ್ತಿಲ್ಲ ನನಗೆ. ಮೂರು ವಾರದಲ್ಲಿ ಎಷ್ಟು ಹೋಗತ್ತೆ, ಗೊತ್ತಾ ನಿನಗೆ? ತಂಗಿ ಹೆಸ್ರು ಹೋಗ್ಬೋದು. ನನ್ನ... ನನ್ನದೂ.” ಒಂದೊಂದು ಮಾತಿನ ನಡುವೆಯೂ ಅವಳು ತಡಕಾಡುತ್ತಿದ್ದಳು. ಗಟ್ಟಿ ಗಂಟಲು ಎಲ್ಲೋ ಹೋಗಿತ್ತು. “ಹೊರಗೆ ಎಳೀತಾ ಇದ್ದಾಗ ಕೇಳ್ದೆ, ಯಾರು ಹೇಳಿದ್ದು ಅಂತ. ಹೆಡ್ಮಾಸ್ಟ್ರೇ ಬಂದು ಹೇಳಿದ್ರು ಅಂದ್ಲು ಸಿಸ್ಟರು.” ಅವಳು ಮುಖ ತಿರುಗಿಸಿ ಮೊದಲ ಬಾರಿ ನೇರವಾಗಿ ಅವನನ್ನು ನೋಡಿದಳು. “ಹೇಳ್ದೆಯಲ್ಲ. ಹಗುರ ಆಯ್ತಾ?”

ಇಲ್ಲ ಅನ್ನಬಹುದಿತ್ತು. ಇಲ್ಲ ಅನ್ನುವುದು ಅವನಿಗೆ ಅಷ್ಟು ಸಲೀಸು. ಆದರೆ ಆ ಗಾಜಿನ ಕೋಣೆಯಲ್ಲಿ, ಯಾರೂ ನಗದಿದ್ದರೂ, ಕೈ ಎಲ್ಲರೆದುರು ನಡುಗುತ್ತಿದ್ದರೂ, ಒಂದು ಕ್ಷಣ ಅವನ ಎದೆಯ ಮೇಲಿನ ಭಾರ ಇಳಿದದ್ದು ನಿಜ. ಈಗಲೂ, ಇವಳೆದುರು ನಿಂತಿರುವಾಗಲೂ, ಅದು ವಾಪಸು ಬಂದಿರಲಿಲ್ಲ.

“ಆಯ್ತು,” ಅಂದ.

ಅವಳು ಮೊಣಕೈ ಊರಿ ಎದ್ದು ಕೂತಳು. “ನೀನೊಬ್ಬ,” ಅಂದಳು, ಬೆರಳು ಅವನ ಎದೆಗೆ ಗುರಿಯಿಟ್ಟು. “ನೀನೊಬ್ಬ...” ಬಾಯಿ ತೆರೆದೇ ಇತ್ತು. ಅವನು ತಲೆ ಬಗ್ಗಿಸಿ ಕಾದ. ಬೀಳಲಿ, ಬೀಳಬೇಕಾದ್ದೇ, ಅಂತ ಕಾದ. ಏನೂ ಬೀಳಲಿಲ್ಲ. ತಲೆಯೆತ್ತಿ ನೋಡಿದ. ಅವಳ ಮುಖದಲ್ಲಿ ಕೋಪ ಹಾಗೇ ಇತ್ತು, ಆದರೆ ಕಣ್ಣು ಅವನನ್ನು ಬಿಟ್ಟು ಗಾಬರಿಯಿಂದ ಅಲ್ಲಿ ಇಲ್ಲಿ ಓಡುತ್ತಿತ್ತು, ತುಂಬಿದ ಬಸ್ಸಿನಲ್ಲಿ ಚೀಲ ಕಳೆದವಳ ಹಾಗೆ. “ನೀನೊಬ್ಬ,” ಅಂದಳು ಮತ್ತೆ, ಮೆಲ್ಲಗೆ.

ತಡೆಯಲಾಗಲಿಲ್ಲ ಅವನಿಗೆ. “ಹೇಡಿ?” ಅಂದ.

ಅವಳು ಯೋಚಿಸಿದಳು. ಅಲ್ಲ ಅಂತ ತಲೆಯಾಡಿಸಿದಳು.

“ಪಾಪಿ?”

“ಅಲ್ಲ.”

“ಅಯೋಗ್ಯ. ಸ್ವಾರ್ಥಿ.”

“ಅಲ್ಲ, ಅಲ್ಲ. ಅದಕ್ಕಿಂತ... ದಿನಾ ಅಂತಿದ್ದೆ, ಬಸ್ಸಲ್ಲಿ. ಬಾಯಲ್ಲೇ ಇರೋದು.” ಅವಳ ಕಣ್ಣಲ್ಲಿ ನೀರು ತುಂಬಿತು. ಅದು ತನ್ನ ಮೇಲಿನ ಕೋಪದ ನೀರಲ್ಲವೆಂದು ಅವನಿಗೆ ಗೊತ್ತಾಯಿತು. ಅವಳಿಗೀಗ ಅವನು ಬೇಕಾಗಿರಲಿಲ್ಲ, ಆ ಬೈಗುಳವೊಂದು ಬೇಕಾಗಿತ್ತು. ಅವನು ಸ್ಟೂಲಿನ ಮೇಲೆ ಕೂತ. ಕಳ್ಳ, ಅಂದ. ಲಫಂಗ, ಅಂದ. ಮನೆಹಾಳ, ದ್ರೋಹಿ, ಕೆಲಸಕ್ಕೆ ಬಾರದವನು. ಒಂದೊಂದನ್ನೂ ಅವಳು ಕಿವಿಗೊಟ್ಟು ಕೇಳಿ, ಬಾಯಲ್ಲಿ ಅಂದು ನೋಡಿ, ಬೇಡವೆಂದು ಪಕ್ಕಕ್ಕಿಟ್ಟಳು. ಅವನಿಗೆ ಎಲ್ಲವೂ ತನಗೆ ಸರಿಯಾಗಿ ಒಪ್ಪುತ್ತಿವೆ ಅನ್ನಿಸುತ್ತಿತ್ತು.

ತಂಗಿ ಗಾಲಿಕುರ್ಚಿ ತಂದಳು. ಅಕ್ಕನ ತಲೆಗೆ ಟೋಪಿ ಹಾಕಿ, ಇವನನ್ನು ಯಾರೆಂದು ಸರಿಯಾಗಿ ನೋಡದೆ, ಓಣಿಗೆ ತಳ್ಳಿದಳು. ಅವನು ಪಕ್ಕದಲ್ಲೇ ನಡೆದ. ನಡುವೆ ಎದುರಾದವರಿಗೆ ದಾರಿ ಬಿಡುತ್ತ, ಮತ್ತೆ ಪಕ್ಕಕ್ಕೆ ಬಂದು ಬಗ್ಗಿ, ಮೆಲುದನಿಯಲ್ಲಿ ಇನ್ನೊಂದು ಬೈಗುಳ ಹೇಳುತ್ತಿದ್ದ. ಔಷಧಿ ಅಂಗಡಿಯ ಮುಂದೆ ನಿಂತವರು ತಿರುಗಿ ನೋಡಿದರು. “ಏನ್ರೀ ನೀವು?” ಅಂದಳು ತಂಗಿ, ಬೆಚ್ಚಿ. “ಸುಮ್ನಿರೇ,” ಅಂದಳು ಅಕ್ಕ, “ಹೇಳ್ಲಿ.” ಲಿಫ್ಟು ಬಂತು. ಕುರ್ಚಿ ಒಳಗೆ ಹೋದರೆ ಅದರಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಬಾಗಿಲು ಮುಚ್ಚುತ್ತಿರುವಾಗ ಅವನು ಅಪ್ಪನಿಂದ ಕಲಿತ ಒಂದು ಹಳೆಯ ಹೊಲಸು ಬೈಗುಳವನ್ನು ಎಲ್ಲರಿಗೂ ಕೇಳುವಂತೆ ತನಗೇ ಬೈದುಕೊಂಡ. ಅವಳು ಕಣ್ಣು ಮುಚ್ಚಿ ಅದನ್ನು ಬಾಯಲ್ಲಿ ತಿರುಗಿಸಿ ನೋಡಿ, ಅಲ್ಲ ಅಂದಳು. ಬಾಗಿಲು ಮುಚ್ಚಿತು. ಅವನು ಮೆಟ್ಟಿಲ ಕಡೆಗೆ ಓಡಿದ; ಲಿಫ್ಟು ಮೇಲೆ ತಲುಪುವುದರೊಳಗೆ ತಲುಪಬೇಕಿತ್ತು, ಅವನ ಹತ್ತಿರ ಇನ್ನೂ ಮೂರ್ನಾಲ್ಕು ಬೈಗುಳ ಉಳಿದಿದ್ದವು.